ಜರೀಗಿಡಕ್ಕೆ ಬಿದ್ದ ತಾಂಬೇರಾ

ಸತ್ತಿ ಊರಿನಲ್ಲಿ ಕಬ್ಬು ಬಿಟ್ಟು ಬೇರೆ ಏನಾದರೂ ಬೆಳೆದವರನ್ನು ಜನ ಒಂದು ಥರ ನೋಡುತ್ತಾರೆ. ಅಂಥದ್ದರಲ್ಲಿ ಸಾರಿಕಾ ಬೆಳೆದದ್ದು ಜರೀಗಿಡ, ಪೇಟೆಯವರು ಫರ್ನ್ ಅನ್ನುವುದು! ಹೂವಿಲ್ಲ, ಹಣ್ಣಿಲ್ಲ, ದನವೂ ಮೂಸದ ಬರೀ ಎಲೆ. ಮದುವೆಗೆ ಮೊದಲು ಸಾಂಗ್ಲಿಯ ನರ್ಸರಿಯೊಂದರಲ್ಲಿ ಕಲಿತ ವಿದ್ಯೆ ಅದು. ಊರೆಲ್ಲ ನಕ್ಕಾಗ ಸೊಸೆಯ ಪರ ನಿಂತವನು ಮಾವ ತುಕಾರಾಮ ಒಬ್ಬನೇ. ಹೊಳೆದಂಡೆಯ ಕಬ್ಬಿನ ಹೊಲದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟು, ಹಸಿರು ಬಲೆಯ ನೆರಳುಮನೆಯನ್ನು ತಾನೇ ನಿಂತು ಕಟ್ಟಿಸಿದ್ದ. ಈ ಹಂಗಾಮಿನಲ್ಲಿ ದೊಡ್ಡ ಗಿರಾಕಿ ಸಿಗದಿದ್ದರೆ ಆ ಮೂಲೆಗೂ ಕಬ್ಬೇ ಎಂದು ಗಂಡ ಸಂಗ್ರಾಮ ಕಡ್ಡಿ ಮುರಿದಂತೆ ಹೇಳಿದ್ದ.

ಗಿರಾಕಿ ಸಿಕ್ಕಿದ. ಕೊಲ್ಹಾಪುರದ ಪುಷ್ಪಪ್ರದರ್ಶನಗಳಲ್ಲಿ ಮಾದರಿ ತೋಟ ಕಟ್ಟುವ ವಿಕ್ರಾಂತ ಬಂದು, ಬಗ್ಗಿ ಎದ್ದು ಎಲ್ಲ ಗಿಡ ನೋಡಿದ. "ಪ್ರದರ್ಶನದಾಗ ಇವು ಚಲೋ ಕಂಡ್ರ, ಮುಂದ ನನ್ನ ಎಲ್ಲಾ ತೋಟಕ್ಕೂ ನೀವ ಗಿಡಾ ಕೊಡ್ರಿ" ಎಂದ. ಸಾರಿಕಾಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಪ್ರದರ್ಶನಕ್ಕೆ ಇನ್ನೂ ತಿಂಗಳಿಗೆ ಮೇಲಿತ್ತು. ಅವಳು ರಾಯಬಾಗಕ್ಕೆ ಹೋಗಿ ಕುಂಡ ತಂದು ಸಂಜೆ ಬಂದು ನೋಡಿದರೆ, ನೆರಳುಮನೆ ಬೋಳು! ಎಲೆಗಳೆಲ್ಲ ಬುಡಮಟ್ಟ ಕೊಯ್ದು ಹೊರಗೆ ರಾಶಿ ಬಿದ್ದಿದ್ದವು. ಮಾವ ಕಬ್ಬು ಕಡಿಯುವ ಕೊಯ್ತಾ ಒರೆಸುತ್ತ ನಿಂತಿದ್ದ. ಮೇಲೆ ತೂಗುಹಾಕಿದ್ದ, ಅವನ ಕೈಗೆಟುಕದ ಒಂದೇ ಒಂದು ಗಿಡ ಉಳಿದಿತ್ತು.

"ಏನ್ ಮಾಡೀರಿ ಮಾಮಾ?"

"ತಾಂಬೇರಾ ಬಿದ್ದಿತ್ತವ್ವಾ! ಎಲಿ ಮಗುಚಿ ನೋಡಿದ್ರ ಬೆನ್ನ ತುಂಬ ಕಂದು ಚುಕ್ಕಿ. ಕಬ್ಬಿಗೆ ಬೀಳು ತುಕ್ಕುರೋಗನ ಅದು. ನಾ ಇದ್ದೆ ಅಂತ ಗಿಡಾ ಉಳದಾವ ನೋಡು."

"ಅಯ್ಯೋ, ಅದು ರೋಗ ಅಲ್ರಿ! ಬೀಜ! ಜರೀಗಿಡ ಹೂ ಬಿಡಂಗಿಲ್ಲ, ಎಲಿ ಬೆನ್ನಿಗೇ ಬೀಜ ಹೊತ್ತಿರ್ತೈತಿ!"

ಮುದುಕನ ಮುಖ ಸಪ್ಪಗಾಯಿತು. ಸಾರಿಕಾ ಬಾಯಿಗೆ ಬಂದಂತೆ ಅಂದಳು, ಆಮೇಲೆ ಕುಂಡಗಳ ನಡುವೆ ಕೂತು ಗೊಳೋ ಎಂದು ಅತ್ತಳು. ಆ ರಾತ್ರಿ ತುಕಾರಾಮ ರೊಟ್ಟಿ ಮುಟ್ಟಲಿಲ್ಲ.

ಮರುದಿನ ಅವಳು ಕುಂಡಗಳಲ್ಲಿ ಬೆರಳಾಡಿಸಿ ನೋಡಿದಳು. ಬೇರು ಗಟ್ಟಿಯಿದ್ದವು, ಗಡ್ಡೆಗೆ ಪೆಟ್ಟಾಗಿರಲಿಲ್ಲ. ಸಾಂಗ್ಲಿಯಲ್ಲೂ ಹಳೆ ಎಲೆ ಕತ್ತರಿಸಿ ಹೊಸದು ಬರಿಸುತ್ತಿದ್ದರು, ಆದರೆ ಸರದಿಯ ಮೇಲೆ ಒಂದಿಷ್ಟನ್ನು ಮಾತ್ರ. ಹೀಗೆ ಒಂದೇ ಸಲ ಎಲ್ಲವನ್ನೂ ಬೋಳಿಸಿದ್ದನ್ನು ಅವಳು ಕಂಡಿರಲಿಲ್ಲ. ಚಿಗುರಿದರೂ ಪ್ರದರ್ಶನದ ಹೊತ್ತಿಗೆ ಬೆಳೆದಾವೇ? ಅದೇ ಚಿಂತೆ. ವಿಕ್ರಾಂತನಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, "ಬಂದು ನೋಡತೀನ್ರಿ" ಎಂದ.

ಅಂದಿನಿಂದ ಮಾವ ಸೊಸೆ ಮಾತಿಲ್ಲದೆ ಹೊತ್ತುಹೊತ್ತಿಗೆ ನೀರು ಚಿಮುಕಿಸಿದರು.

ಒಂದು ಬೆಳಿಗ್ಗೆ ತುಕಾರಾಮ ಚಪ್ಪಲಿ ಮೆಟ್ಟದೆ ಓಡಿ ಬಂದ. "ಸಾರಿಕಾ, ಬಾ ಬಾ! ಲಗೂನ ಬಾ!" ಕುಂಡ ಕುಂಡದಲ್ಲೂ ತಿಳಿಹಸಿರು ಸುರುಳಿಗಳು, ಹಸುಗೂಸಿನ ಮುಷ್ಟಿಯಂತೆ ಬಿಗಿಯಾಗಿ ಮೇಲೆದ್ದಿದ್ದವು. ಸಾರಿಕಾ ಒಂದೊಂದು ಕುಂಡವನ್ನೂ ಬಗ್ಗಿ ನೋಡಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಚಾ ಕುಡಿಯೋಣ ನಡೀರಿ ಮಾಮಾ" ಎಂದಳು. ಮುದುಕ ಟವೆಲಿನಲ್ಲಿ ಕಣ್ಣೊರೆಸಿಕೊಂಡ.

ವಿಕ್ರಾಂತ ಬರುವಷ್ಟರಲ್ಲಿ ಸುರುಳಿ ಬಿಚ್ಚಿ ಎಲೆ ಹರಡಿದ್ದವು. ಅವನ ಜೊತೆ ಬಂದ ಆಳು, ಗಿಡ ಮೊದಲಿನಷ್ಟು ಎತ್ತರ ಇಲ್ಲ ಎಂದು ಗೊಣಗಿದ. ವಿಕ್ರಾಂತ ಮಾತ್ರ, "ಒಂದೂ ಹರಕ ಎಲಿ ಇಲ್ಲ. ಹಿಂಗ ಬೇಕ್ರಿ ನಮಗ" ಎಂದು ಟೆಂಪೋಗೆ ಹೇರಿಸಿದ. ಮುಂದಿನ ತೋಟದ ಗಿಡದ ಮಾತನ್ನೂ ಅಲ್ಲೇ ಪಕ್ಕಾ ಮಾಡಿದ. ಸಂಗ್ರಾಮ ಮತ್ತೆ ಕಬ್ಬಿನ ಸುದ್ದಿ ಎತ್ತಲಿಲ್ಲ.

ಪ್ರದರ್ಶನದ ದಿನ ಮಾವ ಸೊಸೆ ಇಬ್ಬರೂ ಕೊಲ್ಹಾಪುರಕ್ಕೆ ಹೋದರು. ವಿಕ್ರಾಂತನ ತೋಟದ ನಟ್ಟನಡುವೆ ನೇತಾಡಿದ್ದು ಕೊಯ್ತಾಗೆ ಎಟುಕದ ಆ ಹಳೆಯ ಗಿಡ. ಕಾಗವಾಡದ ರೈತನೊಬ್ಬ ಅದರ ಎಲೆ ಎತ್ತಿ ನೋಡಿ, "ಅಯ್ಯಯ್ಯ, ತಾಂಬೇರಾ ಬಿದ್ದೈತಲ್ರಿ! ಮೊದಲ ಕೊಯ್ದ ಒಗೀರಿ ಇದನ್ನ!" ಎಂದು ಕೂಗಿದ.

ತುಕಾರಾಮ ಜನರನ್ನು ಸರಿಸಿಕೊಂಡು ನುಗ್ಗಿದ. "ಏ, ಕೈ ತಗೀರಿ! ರೋಗ ಅಲ್ಲದು. ಬಸರಿ ಅದಾಳಾಕಿ!"

ಸಾರಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದಿಂದ ತಡೆದಿದ್ದ ನಗು ಅದು, ನಿಲ್ಲಲೇ ಇಲ್ಲ. ಮಾವ ನಾಚಿಕೊಂಡು ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

"ಅಂಜಬ್ಯಾಡವ್ವಾ, ಕೊಯ್ತಾ ಮನ್ಯಾಗ ಬಿಟ್ಟ ಬಂದೀನಿ."