ಶೀನಣ್ಣನ ಬಾಳೆಗೊನೆಗಳು

ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟಿದ್ದ ಶೀನಣ್ಣ ಖುಷಿಯಾದರೆ ಕೈ ಹಿಡಿತವೇ ಇಲ್ಲದ ಮನುಷ್ಯ. ೧೯೮೧ರ ಬೇಸಿಗೆಯಲ್ಲಿ ಅವನಿಗೆ ಅಂಥ ಖುಷಿಯೊಂದು ಒದಗಿತು.

ಅವನ ಹೆಂಡತಿ ಕಾವೇರಮ್ಮನ ಹೃದಯ ಸೋತು ಕಾಲುಗಳು ಬಾತಿದ್ದವು. ಡಾಕ್ಟರ್ ದೊರೆಸ್ವಾಮಿ ಕೊಟ್ಟ ನೀರಿಳಿಸುವ ಮಾತ್ರೆಯಿಂದ ಬಾವು ಇಳಿಯಿತು. ಆದರೆ ಮೀನಖಂಡ ಹಿಡಿದುಕೊಳ್ಳತೊಡಗಿತು, ಎದೆಬಡಿತ ಆಗಾಗ ತಾಳ ತಪ್ಪುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಮಾತ್ರೆ ನೀರಿನ ಜೊತೆಗೆ ಪೊಟ್ಯಾಸಿಯಂ ಎಂಬ ಲವಣವನ್ನೂ ಹೊರಹಾಕುತ್ತಿದೆ ಎಂದರು. ಕುಡಿದರೆ ಮುಖ ಕಿವುಚಿಕೊಳ್ಳುವಂಥ ಸಿರಪ್ಪೊಂದನ್ನು ಬರೆದುಕೊಟ್ಟು, ಎಳನೀರೂ ಬಾಳೆಹಣ್ಣೂ ಕೊಡಿ ಎಂದರು.

ಬಾಳೆಹಣ್ಣೇ ಔಷಧಿ ಎಂದು ಕೇಳಿ ಶೀನಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಂಕರಪುರಂನ ಮನೆಗೆ ಗೊನೆಗೊನೆಯೇ ಬಂತು. ಪಕ್ಕದ ಮನೆಯ ಸುಂದರಮ್ಮ ಸೀಕರಣೆ ಮಾಡಿ ತಂದಳು. ಕಾವೇರಮ್ಮ ಎದ್ದು ಓಡಾಡಿದಳು.

ಆಷಾಢದಲ್ಲಿ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಇದು ಪೊಟ್ಯಾಸಿಯಂ ಅನ್ನು ಒಳಗೇ ಉಳಿಸುವ ಮಾತ್ರೆ, ಇನ್ನು ಸಿರಪ್ಪೂ ಬೇಡ, ಹಣ್ಣು ಎಳನೀರೂ ಬೇಡ ಎಂದರು. ಸಿರಪ್ ನಿಂತಿತು, ಹಣ್ಣು ನಿಲ್ಲಲಿಲ್ಲ. ಹಣ್ಣು ತಿಂದು ಯಾರು ಕೆಟ್ಟಿದ್ದಾರೆ ಎಂಬುದು ಶೀನಣ್ಣನ ವಾದ.

ಮತ್ತೆ ರಕ್ತ ಪರೀಕ್ಷಿಸಿದರೆ ಪೊಟ್ಯಾಸಿಯಂ ಏರಿಬಿಟ್ಟಿತ್ತು. ಡಾಕ್ಟರು ಗಾಬರಿಯಿಂದ ಇ.ಸಿ.ಜಿ. ತೆಗೆದರು. ಪುಣ್ಯಕ್ಕೆ ಅದು ಸರಿಯಾಗಿತ್ತು. ಏನೇನು ತಿನ್ನುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಕಾವೇರಮ್ಮ ಗಂಡನ ಮುಖ ನೋಡಿದಳು. ಅವಳಿಗೆ ನಗು ಉಕ್ಕಿಬಂತು.

"ನಮ್ಮನೇಲಿ ದೇವರಿಗಿಂತ ನಂಗೇ ಜಾಸ್ತಿ ನೈವೇದ್ಯ ಆಗ್ತಿದೆ, ಡಾಕ್ಟ್ರೇ."

ಡಾಕ್ಟರಿಗೂ ನಗು ಬಂತು, ಆದರೆ ತಡೆದುಕೊಂಡರು. "ಇದು ಕಮ್ಮಿಯಾದ್ರೂ ಎದೆಗೆ ಅಪಾಯ, ಜಾಸ್ತಿಯಾದ್ರೂ ಅಪಾಯ, ಶೀನಣ್ಣೋರೆ. ನೀವು ಪ್ರೀತಿಯಿಂದ ಕೊಟ್ರೂ ಅದು ಲೆಕ್ಕಕ್ಕೆ ಬರುತ್ತೆ."

ಶೀನಣ್ಣನ ಕಣ್ಣಲ್ಲಿ ನೀರಾಡಿತು. ಡಾಕ್ಟರು ಹೊಸ ಮಾತ್ರೆಯನ್ನು ಸದ್ಯಕ್ಕೆ ನಿಲ್ಲಿಸಿ, ಪರೀಕ್ಷೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು.

ಮನೆಯಲ್ಲಿದ್ದ ಗೊನೆಗಳನ್ನೆಲ್ಲ ಅಂದೇ ರಸಾಯನ ಮಾಡಿ ಬೀದಿಗೆಲ್ಲ ಹಂಚಿದರು. ಕಾವೇರಮ್ಮ ಕುರ್ಚಿಯಲ್ಲಿ ಕೂತು ಬೆಲ್ಲ, ಏಲಕ್ಕಿಯ ಹದ ಹೇಳಿದಳು, ಶೀನಣ್ಣ ಮೈಕೈಯೆಲ್ಲ ಅಂಟು ಮಾಡಿಕೊಂಡು ಹಣ್ಣು ಕಿವುಚಿದ. ಮನೆಗೊಬ್ಬೊಬ್ಬರು ಪಾತ್ರೆ ಹಿಡಿದು ಬಂದರು. ಇದು ಯಾವ ಹಬ್ಬವೆಂದು ಯಾರಿಗೂ ತಿಳಿಯಲಿಲ್ಲ, ಕೇಳಿದವರಿಗೆಲ್ಲ ಕಾವೇರಮ್ಮ ನಗುವುದರಲ್ಲೇ ಉತ್ತರ ಮುಗಿಸಿದಳು.

ಮುಂದಿನ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಹದಕ್ಕೆ ಬಂದಿತ್ತು. ಆ ಸಂಜೆ ಅವಳು ಎಷ್ಟೋ ತಿಂಗಳ ಮೇಲೆ ನಿಧಾನವಾಗಿ ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಆಷಾಢದ ಗಾಳಿಗೆ ಆಕಾಶದ ತುಂಬ ಗಾಳಿಪಟ. ಹಿಂದೆಯೇ ಓಡಿಬಂದ ಶೀನಣ್ಣ ಗೋಡೆ ಹಿಡಿದು ಏದುಸಿರು ಬಿಡುತ್ತ ನಿಂತ.

"ಕೂತ್ಕೊಳ್ರೀ ಸ್ವಲ್ಪ, ನಾಳೆ ನಿಮ್ಮನ್ನೂ ಡಾಕ್ಟ್ರಿಗೆ ತೋರಿಸ್ತೀನಿ" ಎಂದಳು ಕಾವೇರಮ್ಮ.