ಲೆಕ್ಕಕ್ಕೆ ಬಾರದ ಪ್ರೋಟೀನು

ದೊಡ್ಡ ಸರೋವರದ ದಂಡೆಯ ಡುಲುತ್ ಊರಿನಲ್ಲಿ ವರ್ಷಗಟ್ಟಲೆ ಶಾಲೆಯ ಬಸ್ಸು ಓಡಿಸಿದ್ದ ಆರ್ಲಿಸ್ ಹಾಪಲಾಗೆ ಈಗ ಆಸ್ಪತ್ರೆಯ ಬಾಗಿಲಿನಿಂದ ಲಿಫ್ಟಿನವರೆಗೆ ನಡೆಯುವುದೂ ಗುಡ್ಡ ಹತ್ತಿದಂತಾಗಿತ್ತು. ಆರು ವರ್ಷದ ಹಿಂದೆ ಎದೆಯಲ್ಲಿ ಬಂದ ಕ್ಯಾನ್ಸರು ಹೋಯಿತು ಎಂದುಕೊಳ್ಳುವಷ್ಟರಲ್ಲಿ ಲಿವರಿನಲ್ಲಿ ತಲೆಯೆತ್ತಿತ್ತು. ಕೊಟ್ಟ ಔಷಧಿಗಳೆಲ್ಲ ಕೈಕೊಟ್ಟಿದ್ದವು. ಹೋದ ತಿಂಗಳು ಲಿವರಿಗೆ ಸೂಜಿ ಹಾಕಿ ಪರೀಕ್ಷೆಗೆಂದು ಚೂರು ತೆಗೆದಿದ್ದರು. ಅದಕ್ಕೂ ಅವಳು ಒಪ್ಪಿದ್ದು ತಂಗಿ ಕೊರಿನ್‌ಳ ಕಾಟ ತಾಳಲಾರದೆ. ಅದರ ಫಲಿತಾಂಶ ಇವತ್ತು.

"ಇವತ್ತೂ 'ಔಷಧಿಗೆ ಸಿಕ್ಕೋವಂಥದ್ದು ಏನೂ ಇಲ್ಲ' ಅಂತಾರೆ, ನೋಡ್ತಿರು," ಅಂದಳು ಆರ್ಲಿಸ್.

"ನಿನ್ನ ಬಾಯಲ್ಲಿ ಒಂದಾದ್ರೂ ಒಳ್ಳೆ ಮಾತು ಬರಲ್ವಾ, ಅಕ್ಕಾ?"

"ಬರ್ತಿತ್ತು. ಕೂದಲಿನ ಜೊತೆ ಉದುರಿಹೋಯ್ತು."

ಕಾಯಿಲೆ ಗೊತ್ತಾದಾಗಲೇ ಹೇಳಿದ್ದರು: ಔಷಧಿಗೆ ಸಿಕ್ಕುವ ಗುರುತುಗಳನ್ನು ಕ್ಯಾನ್ಸರಿನ ಕಣದಲ್ಲಿ ಹುಡುಕುತ್ತೇವೆ, ನಿಮ್ಮಲ್ಲಿ ಯಾವುದೂ ಇಲ್ಲ ಎಂದು. ಅವುಗಳಲ್ಲೊಂದು ಕಣದ ಮೈಮೇಲೆ ಇರುವ ಪ್ರೋಟೀನು. ಅದು ಹೆಚ್ಚಿದ್ದರೆ ಗಡ್ಡೆ ಬೇಗ ಬೆಳೆದು ಬೇರೆಡೆಗೆ ಹರಡುತ್ತದೆ. ಆದರೆ ಅದನ್ನೇ ಹಿಡಿದು ಹೊಡೆಯುವ ಔಷಧಿಯೂ ಉಂಟು. ಕೆಟ್ಟದ್ದು ಇದ್ದಿದ್ದರೇ ಒಳ್ಳೆಯದಿತ್ತೇನೋ ಎಂದು ಆರ್ಲಿಸ್ ಆಗಾಗ ಅಂದುಕೊಂಡಿದ್ದಳು.

ಡಾಕ್ಟರ್ ಒಸ್ಮಾನ್ ಬಾಗಿಲು ಮುಂದೆ ಮಾಡಿ ಎದುರಿಗೆ ಕೂತರು. "ಆರ್ಲಿಸ್, ಆ ಪ್ರೋಟೀನು ಇದೆ. ಜಾಸ್ತಿ ಏನಿಲ್ಲ, ಚೂರು."

"ಹೊಸದಾಗಿ ಹುಟ್ಕೊಂಡಿದ್ಯಾ?"

"ನಂಗೂ ಹಾಗೇ ಅನ್ನಿಸ್ತು. ಅದಕ್ಕೇ ನಿಮ್ಮ ಹಳೇ ಗಡ್ಡೆಯ ಸ್ಲೈಡನ್ನೂ ತರಿಸಿ ನೋಡಿಸ್ದೆ. ಆಗಲೂ ಇಷ್ಟೇ ಇತ್ತು."

ಕೊರಿನ್ ಸಿಡಿದೆದ್ದಳು. "ಮತ್ತೆ ಇಲ್ಲ ಅಂದ್ರಲ್ಲ! ಆರು ವರ್ಷದಿಂದ ಇಲ್ಲ, ಇಲ್ಲ ಅಂತಿದೀರಲ್ಲ!"

"ಆಗ ಇಷ್ಟು ಕಮ್ಮಿ ಇದ್ರೆ ಇಲ್ಲ ಅಂತಲೇ ಬರೀತಿದ್ವಿ. ಇಷ್ಟಕ್ಕೆಲ್ಲ ಕೆಲಸ ಮಾಡೋ ಔಷಧಿ ಇರ್ಲಿಲ್ಲ. ಈಗಿದೆ. ಆ ಪ್ರೋಟೀನನ್ನ ಹಿಡ್ಕೊಂಡು ಕಣದ ಒಳಗೇ ವಿಷ ಬಿಡುತ್ತೆ. ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಸ್ವಲ್ಪ ಕಾಲ ತಡೀಬಹುದು. ವಾಕರಿಕೆ ಇರುತ್ತೆ, ಸುಸ್ತಿರುತ್ತೆ, ಶ್ವಾಸಕೋಶದ ಮೇಲೂ ಕಣ್ಣಿಟ್ಟಿರ್ಬೇಕು."

"ಸುಸ್ತಾ?" ಆರ್ಲಿಸ್ ನಕ್ಕಳು. "ಹಾಗಾದ್ರೆ ಈಗ ನಂಗಿರೋದಕ್ಕೆ ಏನಂತೀರಿ, ಡಾಕ್ಟ್ರೇ?"

ಸಿಟ್ಟು ಬರಬೇಕಿತ್ತು. ಯಾರ ಮೇಲೆ ಎಂದು ಹುಡುಕುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಇದ್ದದ್ದು ಅವತ್ತಿನ ಲೆಕ್ಕಕ್ಕೆ ಬಂದಿರಲಿಲ್ಲ, ಅಷ್ಟೆ.

ಕಾರು ಸರೋವರದ ಪಕ್ಕದ ಇಳಿಜಾರಿಗೆ ಬಂದಾಗ ಅವಳು ಕೇಳಿದಳು, "ನಾನು ಬೇಡ ಅಂದ್ರೆ?"

ಕೊರಿನ್ ಕಾರಿನ ವೇಗ ತಗ್ಗಿಸಿದಳು. "ಬೇಡ ಅನ್ನು. ಆದ್ರೆ ಸುಸ್ತಾಗಿ ಬೇಡ ಅನ್ಬೇಡ ಕಣೇ. ಮಲಗಿ ಎದ್ದು ಬೇಡ ಅನ್ನು."

ಆರ್ಲಿಸ್ ತಂಗಿಯ ಮನೆಯಲ್ಲೇ ಮಲಗಿದಳು. ಎದ್ದು, ಅಲ್ಲಿಯ ಕೆರೆಗಳಲ್ಲಿ ಬೆಳೆಯುವ ಕಾಡಕ್ಕಿಯ ಸೂಪು ನಾಲ್ಕು ಗುಟುಕು ಕುಡಿದು ಮತ್ತೆ ಮಲಗಿದಳು. ಬೆಳಿಗ್ಗೆ ತಾನೇ ಆಸ್ಪತ್ರೆಗೆ ಫೋನು ಮಾಡಿ ಆಗಲಿ ಎಂದಳು. ಮನಸ್ಸು ಯಾಕೆ ಬದಲಾಯಿತು ಎಂದು ಕೊರಿನ್ ಕೇಳಿದ್ದಕ್ಕೆ, "ಬೇಡ ಅಂದ್ರೆ ನಿಂಗೆ ಕಾರಣ ಹೇಳ್ಬೇಕಿತ್ತು. ಹೂಂ ಅಂದ್ರೆ ಅಷ್ಟಕ್ಕೇ ಮುಗೀತು," ಅಂದಳು.

ಔಷಧಿ ಅವಳನ್ನು ಹಿಂಡಿಹಾಕಿತು. ಎಷ್ಟೋ ದಿನ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಸರೋವರದ ಅಂಚು ಹೆಪ್ಪುಗಟ್ಟುವ ಹೊತ್ತಿಗೆ ತೆಗೆದ ಸ್ಕ್ಯಾನಿನಲ್ಲಿ ಲಿವರಿನ ಕಲೆಗಳು ಅರ್ಧಕ್ಕರ್ಧ ಕುಗ್ಗಿದ್ದವು.

ಆಸ್ಪತ್ರೆಯ ಹೊರಗೆ ಕೊರಿನ್ ಅಕ್ಕನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಿಂಗೆ ಖುಷಿನೇ ಆಗ್ಲಿಲ್ವೇನೇ?"

"ಆಗಿದೆ ಕಣೇ, ಯಾಕಾಗಲ್ಲ?" ಆರ್ಲಿಸ್ ತಂಗಿಯ ಬೆನ್ನು ತಟ್ಟಿದಳು. "ಖುಷಿ ನಾಳೆ ಪಡೋಣ. ಇವತ್ತು ಮೊದಲು ಎಲ್ಲಾದ್ರೂ ಕೂತ್ಕೊಳ್ಳೋಣ."

ಬೆಂಚಿನ ಮೇಲಿದ್ದ ಹಿಮವನ್ನು ಕೊರಿನ್ ಕೈಯಿಂದ ಒರೆಸಿದಳು. ಇಬ್ಬರೂ ಕೂತರು.