ಯಮುನಮ್ಮ ಹಾಕಿದ ಟೆಂಡರು

ನೆಮ್ಮಾರಿನಾಚೆ ಕುಂಬ್ರಿಹಳ್ಳವನ್ನು ನಡೆದು ದಾಟಲು ಹಾಕಿದ್ದ ಕಬ್ಬಿಣದ ಕಾಲುಸಂಕ ಎರಡೇ ವರ್ಷಕ್ಕೆ ನಡುವಿನಲ್ಲಿ ಬಾಗಿತು. ಪುಣ್ಯಕ್ಕೆ ಯಾರೂ ಬೀಳಲಿಲ್ಲ. ಆದರೆ ಹಗ್ಗ ಕಟ್ಟಿ ದಾರಿ ಮುಚ್ಚಿದ ಮೇಲೆ ಶಾಲೆಗೆ ಹೋಗುವ ಮಕ್ಕಳು ಮೂರು ಮೈಲಿ ಸುತ್ತು ಹಾಕಬೇಕಾಯಿತು. ಸುದ್ದಿ ಕೇಳಿ ನೋಡಲು ಹೋದ ಯಮುನಮ್ಮನನ್ನು ಅಲ್ಲಿನ ಹೆಂಗಸೊಬ್ಬಳು ಮುಖಕ್ಕೆ ಹೊಡೆದ ಹಾಗೆ ಕೇಳಿದಳು: "ಇದನ್ನ ಮಾಡಿದ್ದು ನೀನೇ ಅಲ್ದಾ?"

ಮಾಡಿದ್ದು ಅವಳೇ. ಬಸರೀಕಟ್ಟೆಯಲ್ಲಿ ಅವಳದ್ದೊಂದು ವೆಲ್ಡಿಂಗ್ ಶೆಡ್ ಇತ್ತು. ಗಂಡ ವಾಸಪ್ಪ ಪೈಪು ಅಳೆದು ಕೊಯ್ದು ಕೊಟ್ಟರೆ ಬೆಸೆಯುವ ಕೆಲಸವೆಲ್ಲ ಅವಳದ್ದು. ಹದಿನೆಂಟು ವರ್ಷದಲ್ಲಿ ಅವಳ ಕೈಯ ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಕುಂಬ್ರಿಹಳ್ಳದಲ್ಲೂ ಬಿಟ್ಟಿರಲಿಲ್ಲ, ಬಾಗಿದ್ದು ತೆಳ್ಳಗಿನ ಪೈಪು. ಆ ಪೈಪು ತಂದುಕೊಟ್ಟವನು ಟೆಂಡರು ಹಿಡಿದಿದ್ದ ಕಂಟ್ರಾಕ್ಟರ್ ವಿಜಯ್. ಸರ್ಕಾರದ ಕೆಲಸ ಅವನ ಹೆಸರಿಗೆ ಬರುತ್ತಿತ್ತು, ಅವನು ಅದನ್ನು ಅರ್ಧ ದರಕ್ಕೆ ಯಮುನಮ್ಮನಿಗೆ ದಾಟಿಸುತ್ತಿದ್ದ. "ಈ ಪೈಪು ಸಾಲದು" ಎಂದು ಅವಳು ಆವತ್ತೇ ಹೇಳಿದ್ದಳು. "ಪಾಸ್ ಮಾಡಿಸೋದು ನನ್ನ ತಲೆನೋವು, ಬೆಸೆಯೋದು ನಿಮ್ಮದು" ಎಂದಿದ್ದ ಅವನು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಒಂದು ತೀರ್ಮಾನಕ್ಕೆ ಬಂದಳು. ಇನ್ನು ಯಾರದೋ ಹೆಸರಿನಲ್ಲಿ ಸಂಕ ಮಾಡುವುದಿಲ್ಲ.

ಅದೇ ತಿಂಗಳು ಸರ್ಕಾರದ ಟೆಂಡರೊಂದು ಹೊರಬಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಸೇರಿ ಏಳು ಕಾಲುಸಂಕ ಮಾಡಿ ಕೂರಿಸಿಕೊಡಬೇಕು. ಕೊಪ್ಪದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಸಂದೇಶ ಅದನ್ನು ಪರದೆಯ ಮೇಲೆ ತೋರಿಸಿದಾಗ ಯಮುನಮ್ಮ ಕೇಳಿದ್ದು ಒಂದೇ ಮಾತು: "ಇದಕ್ಕೆ ನಾನು ಹಾಕಬೌದಾ?"

"ಎಂತಕ್ಕೆ ಆಗಲ್ಲ? ಯಾರು ಬೇಕಾದ್ರೂ ಹಾಕಬೌದು. ಕಾಗದ ಸರಿ ಇರ್ಬೇಕು ಅಷ್ಟೇ."

ಕಾಗದ ಸರಿ ಮಾಡಿಕೊಳ್ಳುವುದಕ್ಕೆ ಮೂರು ವಾರ ಹಿಡಿಯಿತು. ಶೆಡ್ಡಿನ ಹೆಸರು ಖರೀದಿ ಪೋರ್ಟಲ್‌ನಲ್ಲಿ ನೋಂದಣಿಯಾಯಿತು. ಪೆನ್‌ಡ್ರೈವಿನಂಥ ಒಂದು ಕಡ್ಡಿಯಲ್ಲಿ ಅವಳ ಡಿಜಿಟಲ್ ಸಹಿ ಬಂತು. ಕೆಲಸ ಸಿಕ್ಕದಿದ್ದರೆ ವಾಪಸು ಬರುವ ಠೇವಣಿಯನ್ನೂ ಕಟ್ಟಿಯಾಯಿತು. ತೊಡಕಾದದ್ದು ಒಂದು ಷರತ್ತಿನಲ್ಲಿ. ಇಂಥದ್ದೇ ಒಂದು ಕೆಲಸವನ್ನು ಯಾವುದಾದರೂ ಸರ್ಕಾರಿ ಸಂಸ್ಥೆಗೆ ಮಾಡಿಕೊಟ್ಟ ಪ್ರಮಾಣಪತ್ರ ಬೇಕಿತ್ತು. ಅವಳಿಗೆ ನೆನಪಾದ ಹನ್ನೊಂದು ಸಂಕಗಳೂ ವಿಜಯನ ಹೆಸರಿನಲ್ಲಿದ್ದವು.

"ಬಿಡು ಮಾರಾಯ್ತಿ, ನಮ್ಮಂತವ್ರಿಗಲ್ಲ ಇದು" ಎಂದ ವಾಸಪ್ಪ. ಹಾಗೆಂದವನೇ ಊಟದ ನಡುವೆ ಕೈ ತಡೆದು ಕೂತ. "ತಡಿ. ಹೊಸಗದ್ದೆ ಪಂಚಾಯ್ತಿಗೆ ಒಂದು ಮಾಡಿದ್ವಲ್ಲ? ಕೊಟೇಶನ್ ಕೊಟ್ಟು? ಅದು ನಮ್ಮ ಹೆಸ್ರಲ್ಲೇ ಅಲ್ದಾ?"

ಹೌದು. ನಾಲ್ಕು ವರ್ಷದ ಹಿಂದಿನ ಸಣ್ಣ ಸಂಕ ಅದು, ಪಂಚಾಯಿತಿಯವರು ಮೂರು ಕಡೆ ದರ ಕೇಳಿ ನೇರವಾಗಿ ಅವಳಿಗೇ ಕೊಟ್ಟ ಕೆಲಸ. ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೊಸಗದ್ದೆಗೆ ಹೋದರು. ಅಲ್ಲಿನ ಅಧಿಕಾರಿ ಕಡತ ಹುಡುಕಿದರು, ಸಂಕದ ತನಕ ನಡೆದು ಹೋಗಿ ಅದರ ಮೇಲೆ ನಿಂತು ಎರಡು ಸಲ ಕುಣಿದು ನೋಡಿದರು, ಬಂದು ಪ್ರಮಾಣಪತ್ರ ಬರೆದುಕೊಟ್ಟರು.

ಬಿಡ್ ಹಾಕುವುದಕ್ಕೆ ಮೊದಲು, ಆಸಕ್ತಿ ಇದ್ದವರು ಬಂದು ಅನುಮಾನ ಕೇಳಬಹುದೆಂದು ಇಲಾಖೆಯವರು ಕೊಪ್ಪದಲ್ಲಿ ಸಭೆ ಕರೆದಿದ್ದರು. ಎಂಟು ಜನ ಬಂದಿದ್ದರು. ಏಳು ಗಂಡಸರು ಮತ್ತು ಯಮುನಮ್ಮ. ವಿಜಯ್ ಅವಳನ್ನು ನೋಡಿ ನಕ್ಕ. "ಏನಕ್ಕಾ, ಯಾರ ಜೊತೆ ಬಂದ್ರಿ?"

"ನಾನೇ ಬಂದೆ" ಎಂದಳು.

ಎಂಜಿನಿಯರ್ ದೀಪಶ್ರೀ ನಕ್ಷೆ ತೋರಿಸಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಯಮುನಮ್ಮ ಎದ್ದು ನಿಂತಳು. ಕಬ್ಬಿಣದ ವಿಷಯಕ್ಕೆ ಬಂದಾಗ ಅವಳ ದನಿ ನಡುಗುವುದಿಲ್ಲ.

"ಮೇಡಂ, ಪೈಪಿನ ಅಡ್ಡಗಲ ಬರ್ದಿದೀರಿ, ದಪ್ಪ ಬರ್ದಿಲ್ಲ. ದಪ್ಪ ಬರೀದಿದ್ರೆ ತೆಳ್ಳಂದು ಹಾಕೋರೇ ಕಮ್ಮಿ ದರ ಹಾಕ್ತಾರೆ, ಕೆಲಸ ಅವ್ರಿಗೇ ಹೋಗ್ತದೆ. ಎರಡು ವರ್ಷಕ್ಕೆ ಬಾಗ್ತದೆ. ಇನ್ನೊಂದು, ಮೇಲೆ ಹಾಸೋಕೆ ತಗಡು ಅಂತ ಹೇಳಿದೀರಿ. ನಮ್ಮ ಕಡೆ ಒಂದು ಮಳೆಗಾಲಕ್ಕೆ ಅದ್ರ ಮೇಲೆ ಪಾಚಿ ಕಟ್ತದೆ, ಮಕ್ಕಳು ಜಾರ್ತಾರೆ. ಕಬ್ಬಿಣದ ಜಾಳಿಗೆ ಹಾಸಿದ್ರೆ ನೀರು ನಿಲ್ಲಲ್ಲ."

ವಿಜಯ್ ಏನೋ ಹೇಳಲು ಹೋದ. ದೀಪಶ್ರೀ ಕೈ ಎತ್ತಿ ತಡೆದರು. "ಇದನ್ನ ಬರವಣಿಗೆಯಲ್ಲಿ ಕೊಡ್ತೀರಾ ಯಮುನಮ್ಮ?"

ಅವಳು ಬರೆದೇ ತಂದಿದ್ದಳು. ಐದನೆಯ ದಿನ ಪೋರ್ಟಲ್‌ನಲ್ಲಿ ತಿದ್ದುಪಡಿ ಬಂತು. ಪೈಪಿನ ದಪ್ಪ ಇಂತಿಷ್ಟೇ ಇರಬೇಕು, ಮೇಲೆ ಹಾಸಲು ಜಾಳಿಗೆ, ಕೂರಿಸಿದ ಮೇಲೆ ಮರಳು ಚೀಲ ಹೇರಿ ಭಾರ ಪರೀಕ್ಷೆ.

ಕೊನೆಯ ದಿನಕ್ಕೆ ಬಿಟ್ಟರೆ ಕರೆಂಟೋ ನೆಟ್‌ವರ್ಕೋ ಕೈಕೊಟ್ಟೀತೆಂದು ಅವಳು ಮೂರು ದಿನ ಮೊದಲೇ ಸಂದೇಶನ ಸೆಂಟರಿನಲ್ಲಿ ಕೂತಳು. ಅರ್ಹತೆಯ ಕಾಗದಗಳು ಒಂದು ಭಾಗದಲ್ಲಿ, ದರ ಇನ್ನೊಂದರಲ್ಲಿ. ದರ ತುಂಬುವಾಗ ಸಂದೇಶನನ್ನು ಆಚೆ ಕಳಿಸಿ ತಾನೇ ಒಂದೊಂದು ಅಂಕಿ ಒತ್ತಿದಳು.

ಮರುದಿನ ಶೆಡ್ಡಿನ ಮುಂದೆ ವಿಜಯನ ಜೀಪು ನಿಂತಿತು. "ಅಕ್ಕಾ, ಸುಮ್ನೆ ಎಂತಕ್ಕೆ ಒದ್ದಾಡ್ತೀರಿ? ನಾನು ಹಾಕ್ತೀನಿ, ಏಳೂ ನಿಮಗೇ ಕೊಡ್ತೀನಿ. ಈ ಸಲ ದರ ಜಾಸ್ತಿ ಮಾಡುವ."

ಯಮುನಮ್ಮ ಮುಖಕ್ಕೆ ಹಿಡಿದಿದ್ದ ಗಾಜಿನ ಕವಚ ಇಳಿಸಿದಳು. "ನಿನ್ನೆನೇ ಹಾಕಿ ಬಂದೆ ವಿಜಯ್. ಕಾಫಿ ಕುಡೀತೀರಾ?"

ಅವನು ಕುಡಿಯಲಿಲ್ಲ.

ಅರ್ಹತೆಯ ಕಾಗದ ತೆರೆದ ದಿನ ಅವನು ಆಕ್ಷೇಪ ಎತ್ತಿದ. ಸಣ್ಣ ಪಂಚಾಯಿತಿಯ ಪತ್ರ ಅನುಭವವಾಗುತ್ತದೆಯೇ ಎಂದು ಕೇಳಿದ. ಷರತ್ತಿನಲ್ಲಿ 'ಯಾವುದೇ ಸರ್ಕಾರಿ ಸಂಸ್ಥೆ' ಎಂದಿದೆ, ಪಂಚಾಯಿತಿಯೂ ಅದರಲ್ಲಿ ಬರುತ್ತದೆ ಎಂದು ಸಮಿತಿ ಉತ್ತರ ಕೊಟ್ಟಿತು. ಕಾಗದ ಸರಿ ಇದ್ದು ಕಣದಲ್ಲಿ ಉಳಿದವರು ಅವಳೂ ಸೇರಿ ನಾಲ್ವರು. ಅವರ ದರ ತೆರೆದಾಗ ಯಮುನಮ್ಮ ಶೆಡ್ಡಿನಲ್ಲಿ ಗೇಟು ಬೆಸೆಯುತ್ತಿದ್ದಳು. ಸಂದೇಶನ ಫೋನು ಬಂತು.

"ಯಮುನಕ್ಕಾ! ನೀವೇ! ಎಲ್ಲಕ್ಕಿಂತ ಕಮ್ಮಿ ನೀವೇ!"

ತೆಳ್ಳಗಿನ ಪೈಪಿನ ದಾರಿ ಮುಚ್ಚಿದ ಮೇಲೆ ಎಲ್ಲರೂ ಒಂದೇ ಕಬ್ಬಿಣಕ್ಕೆ ದರ ಹಾಕಬೇಕಾಗಿತ್ತು. ಉಳಿದವರದು ದೂರದ ಲಾರಿ, ಹೊರಗಿನ ಕೂಲಿ, ನಡುವಿನವರ ಪಾಲು. ಅವಳ ಶೆಡ್ಡು ಇಲ್ಲೇ, ಕೈಯೂ ಅವಳದ್ದೇ. ಅವಳು ಫೋನು ಹಿಡಿದೇ ಪೈಪಿನ ರಾಶಿಯ ಮೇಲೆ ಕೂತು ನಕ್ಕಳು, ಅತ್ತಳು. ವಾಸಪ್ಪ ಏನಾಯಿತೆಂದು ಗಾಬರಿಯಿಂದ ಓಡಿ ಬಂದ. ಹೇಳಿದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ರಸ್ತೆಗೆ ಹೋಗಿ, ಅಲ್ಲಿ ನಿಂತಿದ್ದ ಎಸ್ಟೇಟ್ ಜೀಪಿನಲ್ಲಿದ್ದ ಹನ್ನೆರಡೂ ಜನಕ್ಕೆ ಕೂಗಿ ಹೇಳಿದ್ದು.

ಕೆಲಸಕ್ಕೆ ಇನ್ನೂ ಮೂವರನ್ನು ಸೇರಿಸಿಕೊಂಡರು. ನಾಲ್ಕು ತಿಂಗಳಲ್ಲಿ ಆರು ಸಂಕ ಎದ್ದು ನಿಂತವು. ಏಳನೆಯದು, ಎಲ್ಲಕ್ಕಿಂತ ಉದ್ದದ್ದು, ನರಸಿಂಹರಾಜಪುರದ ಕಡೆಯ ಹಳ್ಳವೊಂದಕ್ಕೆ. ನಲವತ್ತು ಜನರ ಭಾರದಷ್ಟು ಮರಳು ಚೀಲಗಳನ್ನು ಒಂದು ಹಗಲು ಒಂದು ರಾತ್ರಿ ಅದರ ಮೇಲೆ ಹೇರಿಟ್ಟರು. ಬೆಳಿಗ್ಗೆ ದೀಪಶ್ರೀ ಕೆಳಗಿಳಿದು ನೀರಿನಲ್ಲಿ ನಿಂತು ಅಳೆದರು, ಚೀಲ ಇಳಿಸಿ ಮತ್ತೆ ಅಳೆದರು.

"ಬಾಗಿದ್ದು ಕೂದಲೆಳೆಯಷ್ಟು" ಎಂದರು ಮೇಲೆ ಬಂದು. "ಅದೂ ವಾಪಸು ನೆಟ್ಟಗಾಗಿದೆ."

ಎರಡೂ ದಡದಲ್ಲಿ ಕಾದಿದ್ದ ಊರಿನವರು ಯಾರ ಅಪ್ಪಣೆಗೂ ಕಾಯದೆ ನುಗ್ಗಿದರು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು, ಸೈಕಲ್ ತಳ್ಳಿಕೊಂಡು ಬಂದವರು, ಶಾಲೆಯ ಇಡೀ ಒಂದು ತರಗತಿ. ಯಮುನಮ್ಮ ಕಂಬಿ ಹಿಡಿಯದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರೆಲ್ಲರ ನಡುವೆ ಸಂಕದ ನಟ್ಟನಡುವಿನ ತನಕ ನಡೆದು ಹೋಗಿ ನಿಂತಳು. ಜಾಳಿಗೆಯ ಕೆಳಗೆ ನೀರು ಸರಸರನೆ ಹರಿಯುತ್ತಿತ್ತು. ಕಾಲಡಿಯ ಕಬ್ಬಿಣ ಅಲುಗಾಡಲಿಲ್ಲ.